ಟ್ರೈಲರು ಎಳೆಯುವಾಗ ಕೈ ಆಕ್ಸಿಲರೇಟರು ಬೇಡ

ಕಬ್ಬು ಅರೆಯುವ ಕಾಲ ಬಂತೆಂದರೆ ಮಂಡ್ಯ, ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ರಸ್ತೆಗಳಲ್ಲಿ ಹಗಲೂ ರಾತ್ರಿಯೂ ಟ್ರಾಕ್ಟರುಗಳ ಸಾಲು. ಕೆಲವಕ್ಕೆ ಒಂದು ಟ್ರೈಲರು, ಉತ್ತರದ ಜಿಲ್ಲೆಗಳಲ್ಲಿ ಅನೇಕಕ್ಕೆ ಎರಡು. ಈ ಟ್ರಾಕ್ಟರು ನಡೆಸುವವರನ್ನು ಸ್ವಲ್ಪ ಗಮನಿಸಿ ನೋಡಿ. ಎಷ್ಟೋ ಮಂದಿಯ ಬಲಗಾಲು ಆಕ್ಸಿಲರೇಟರಿನ ಮೇಲೆ ಇರುವುದೇ ಇಲ್ಲ. ಕೈ ಆಕ್ಸಿಲರೇಟರನ್ನು ಎಳೆದು ನಿಲ್ಲಿಸಿ, ಕಾಲನ್ನು ಆರಾಮವಾಗಿ ಇಟ್ಟುಕೊಂಡು, ಗದ್ದೆಯಿಂದ ಕಾರ್ಖಾನೆಯವರೆಗೂ ಬರುವುದು ರೂಢಿಯಾಗಿಬಿಟ್ಟಿದೆ. ಈ ರೂಢಿ ಅಪಾಯಕರವಾದದ್ದು, ಇದನ್ನು ಬಿಡಲೇಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಏಕೆಂಬುದನ್ನು ವಿವರಿಸುತ್ತೇನೆ.

ಹೊಲಕ್ಕಾಗಿ ಇಟ್ಟದ್ದು

ಕೈ ಆಕ್ಸಿಲರೇಟರು ಕೆಟ್ಟ ಸಾಧನವಲ್ಲ. ಹೊಲದ ಕೆಲಸಕ್ಕೆ ಅದು ಬೇಕೇ ಬೇಕು. ರೋಟವೇಟರು ಹೊಡೆಯುವಾಗ, ಒಕ್ಕಣೆ ಯಂತ್ರ ನಡೆಸುವಾಗ ಪಿ.ಟಿ.ಓ. ದಂಡ ನಿಮಿಷಕ್ಕೆ 540 ಸುತ್ತು ಒಂದೇ ಸಮನೆ ತಿರುಗಬೇಕು. ಕಾಲಿನಿಂದ ಒತ್ತಿ ಹಿಡಿದರೆ ಹೊಲದ ಕುಲುಕಾಟದಲ್ಲಿ ಅದು ಸಾಧ್ಯವಾಗದು. ಆದ್ದರಿಂದ ಕೈಯಿಂದ ಒಂದು ಮಟ್ಟಕ್ಕೆ ನಿಲ್ಲಿಸುವ ಏರ್ಪಾಡು.

ಹೀಗೆ ನಿಲ್ಲಿಸಿದ ವೇಗವನ್ನು ಕಾಯುವ ಕೆಲಸ ಎಂಜಿನ್ನಿನ ಗವರ್ನರಿನದು. 1788ರಲ್ಲಿ ಜೇಮ್ಸ್ ವಾಟ್ ಉಗಿ ಎಂಜಿನ್ನಿಗೆ ಅಳವಡಿಸಿದ ತಿರುಗುವ ಗುಂಡುಗಳ ಗವರ್ನರಿನ ವಂಶಕ್ಕೇ ಸೇರಿದ್ದು ಇದು. ಎಂಜಿನ್ನಿನ ಸುತ್ತು ಕಡಿಮೆಯಾದರೆ ಗವರ್ನರು ಡೀಸೆಲ್ ಹೆಚ್ಚಿಸುತ್ತದೆ, ಹೆಚ್ಚಾದರೆ ಕಡಿಮೆ ಮಾಡುತ್ತದೆ. ಅದಕ್ಕೆ ಗೊತ್ತಿರುವುದು ಇಷ್ಟೇ. ಮುಂದೆ ತಿರುವು ಬಂತೇ, ಶಾಲೆಯ ಮಕ್ಕಳು ರಸ್ತೆ ದಾಟುತ್ತಿದ್ದಾರೆಯೇ, ಹಿಂದೆ ಹತ್ತು ಟನ್ ಕಬ್ಬು ಇದೆಯೇ ಎಂಬುದು ಅದಕ್ಕೆ ತಿಳಿಯದು.

ಬ್ರೇಕಿನೊಡನೆ ಎಂಜಿನ್ನಿನ ಜಗಳ

ರಸ್ತೆಯಲ್ಲಿ ಏನಾಗುತ್ತದೆ ನೋಡಿ. ಕಾಲು ಆಕ್ಸಿಲರೇಟರನ್ನು ಒತ್ತಿದರೆ ಕೈಯಿಂದ ನಿಲ್ಲಿಸಿದ ಮಟ್ಟಕ್ಕಿಂತ ವೇಗ ಹೆಚ್ಚಬಹುದು. ಆದರೆ ಕಾಲು ತೆಗೆದ ಮಾತ್ರಕ್ಕೆ ಆ ಮಟ್ಟಕ್ಕಿಂತ ಕೆಳಗೆ ಇಳಿಯುವುದಿಲ್ಲ. ಎದುರಿಗೆ ದನ ಅಡ್ಡ ಬಂತೆನ್ನಿ. ನೀವು ಬ್ರೇಕು ಒತ್ತುತ್ತೀರಿ. ಸುತ್ತು ಇಳಿಯಿತೆಂದು ತಿಳಿದ ಗವರ್ನರು ಆ ಕ್ಷಣದಲ್ಲೇ ಎಂಜಿನ್ನಿಗೆ ಇನ್ನಷ್ಟು ಡೀಸೆಲ್ ಕೊಡುತ್ತದೆ. ಅಂದರೆ ನೀವು ನಿಲ್ಲಿಸಲು ಒತ್ತುತ್ತಿದ್ದೀರಿ, ಎಂಜಿನ್ನು ಮುಂದಕ್ಕೆ ನೂಕುತ್ತಿದೆ. ಕ್ಲಚ್ಚು ಒತ್ತಿದರೆ ಈ ಜಗಳ ನಿಲ್ಲುತ್ತದೆ ನಿಜ. ಆದರೆ ಎಂಜಿನ್ನು ಹಿಡಿದಿಡುವ ಬಲವೂ ಅದರೊಡನೆ ಹೋಗುತ್ತದೆ.

ಬ್ರೇಕಿನ ಲೆಕ್ಕವನ್ನೂ ನೋಡೋಣ. ಟ್ರಾಕ್ಟರು ಸುಮಾರು ಎರಡು ಟನ್ ತೂಗುತ್ತದೆ. ಹಿಂದಿನ ಹೊರೆ ಹತ್ತು ಟನ್ ಎಂದಿಟ್ಟುಕೊಳ್ಳಿ. ನಮ್ಮ ಬಹುಪಾಲು ಟ್ರೈಲರುಗಳಲ್ಲಿ ಬ್ರೇಕು ಇಲ್ಲ. ಇದ್ದರೂ ಕೆಲಸ ಮಾಡುವುದು ಅಪರೂಪ. ಆದುದರಿಂದ ಎರಡು ಟನ್ನಿನ ಟ್ರಾಕ್ಟರಿನ ಬ್ರೇಕು ಹನ್ನೆರಡು ಟನ್ನನ್ನು ತಡೆಯಬೇಕಾಗುತ್ತದೆ. ವೇಗ ಎರಡರಷ್ಟಾದರೆ ಬ್ರೇಕು ಒತ್ತಿದ ಮೇಲೆ ನಿಲ್ಲಲು ಬೇಕಾಗುವ ದೂರ ನಾಲ್ಕರಷ್ಟಾಗುತ್ತದೆ. ಗಂಟೆಗೆ 20 ಕಿ.ಮೀ. ವೇಗದಲ್ಲಿ 8 ಮೀಟರಿನಲ್ಲಿ ನಿಲ್ಲುವ ಗಾಡಿಗೆ 40 ಕಿ.ಮೀ. ವೇಗದಲ್ಲಿ 32 ಮೀಟರು ಬೇಕು. ಅದೂ ಬ್ರೇಕು ಒತ್ತಿದ ಮೇಲಿನ ಮಾತು. 40 ಕಿ.ಮೀ. ವೇಗದ ಗಾಡಿ ಒಂದು ಸೆಕೆಂಡಿಗೆ 11 ಮೀಟರು ಮುಂದೆ ಹೋಗಿರುತ್ತದೆ. ಮಡಚಿಟ್ಟ ಕಾಲು ಬ್ರೇಕಿನ ಮೇಲೆ ಬರಲು ಆ ಒಂದು ಸೆಕೆಂಡು ಸಾಲದು.

ಇಳಿಜಾರಿನ ಪಾಠ

ಹಿಂದೆ ಎತ್ತಿನ ಗಾಡಿಯವನು ಇಳಿಜಾರು ಬಂದರೆ ಗಾಡಿಯಿಂದ ಇಳಿದು, ಎತ್ತುಗಳ ಮುಂದೆ ನಿಂತು, ಹಗ್ಗ ಹಿಡಿದು ನಿಧಾನವಾಗಿ ನಡೆಸುತ್ತಿದ್ದ. ಎತ್ತುಗಳು ಕಾಲೂರಿ ಹೊರೆಯನ್ನು ತಡೆಯುತ್ತಿದ್ದವು. ಟ್ರಾಕ್ಟರಿನಲ್ಲಿ ಎತ್ತುಗಳ ಆ ಕೆಲಸವನ್ನು ಮಾಡಬೇಕಾದದ್ದು ಎಂಜಿನ್ನು. ಸಣ್ಣ ಗೇರಿನಲ್ಲಿ ಆಕ್ಸಿಲರೇಟರು ಬಿಟ್ಟರೆ ಚಕ್ರಗಳೇ ಎಂಜಿನ್ನನ್ನು ತಿರುಗಿಸಬೇಕಾಗುತ್ತದೆ. ಆ ಶ್ರಮವೇ ಗಾಡಿಗೆ ತಡೆ.

ಆದರೆ ಕೈ ಆಕ್ಸಿಲರೇಟರು ಮೇಲಿದ್ದರೆ ಈ ತಡೆ ಸಿಗುವುದು ತಡವಾಗಿ. ನೀವು 1800 ಸುತ್ತಿಗೆ ನಿಲ್ಲಿಸಿದ್ದರೆ, ಸುತ್ತು 1800 ದಾಟುವವರೆಗೂ ಎಂಜಿನ್ನು ಡೀಸೆಲ್ ಕುಡಿಯುತ್ತಲೇ ಇರುತ್ತದೆ. ಅಷ್ಟರಲ್ಲಿ ಹಿಂದಿನ ಹೊರೆ ವೇಗ ಹಿಡಿದಿರುತ್ತದೆ. ಟ್ರೈಲರು ಟ್ರಾಕ್ಟರನ್ನು ನೂಕತೊಡಗುತ್ತದೆ. ತಿರುವಿನಲ್ಲಿ ಹೀಗಾದರೆ ಎರಡೂ ಮಡಚಿಕೊಂಡು ಕಾಲುವೆಗೋ ಹಳ್ಳಕ್ಕೋ ಬೀಳುವುದು ಖಂಡಿತ.

ಇದಕ್ಕಿಂತ ಕೆಟ್ಟದ್ದು ನ್ಯೂಟ್ರಲ್ ಮಾಡಿ ಇಳಿಸುವುದು. ಡೀಸೆಲ್ ಉಳಿಯುತ್ತದೆಂಬ ನಂಬಿಕೆಯೇ ತಪ್ಪು. ಗೇರಿನಲ್ಲಿಟ್ಟು ಆಕ್ಸಿಲರೇಟರು ಪೂರ್ತಿ ಬಿಟ್ಟು ಇಳಿಸಿದರೆ ಗವರ್ನರು ಡೀಸೆಲನ್ನು ನಿಲ್ಲಿಸಿಬಿಡುತ್ತದೆ. ನ್ಯೂಟ್ರಲ್ಲಿನಲ್ಲಾದರೋ ಎಂಜಿನ್ನು ಸುಮ್ಮನೆ ತಿರುಗಲೂ ಡೀಸೆಲ್ ಬೇಕು. ಉಳಿತಾಯವೂ ಇಲ್ಲ, ಹಿಡಿತವೂ ಇಲ್ಲ. ಇಳಿಜಾರಿನ ನಡುವೆ ಮತ್ತೆ ಗೇರಿಗೆ ಹಾಕಲು ಹೋದರೆ ಅನೇಕ ವೇಳೆ ಗೇರು ಬೀಳುವುದೂ ಇಲ್ಲ.

ಹೊಸ ವಾಹನಗಳಲ್ಲೂ ಇದೇ ಮಾತು

ಈಗ ಹಳ್ಳಿಗಳಿಗೂ ಆಟೋಮ್ಯಾಟಿಕ್ ಗೇರಿನ ಡೀಸೆಲ್ ಜೀಪು, ಪಿಕಪ್ಪುಗಳು ಬಂದಿವೆ. ಅವುಗಳಲ್ಲಿ ಗುಂಡಿ ಒತ್ತಿದರೆ ತಾನೇ ವೇಗ ಕಾಯುವ ಕ್ರೂಸ್ ಕಂಟ್ರೋಲ್ ಇರುತ್ತದೆ. ಇದನ್ನು ಕಂಡುಹಿಡಿದ ಅಮೆರಿಕದ ಎಂಜಿನಿಯರ್ ರಾಲ್ಫ್ ಟೀಟರ್ ಬಾಲ್ಯದಲ್ಲೇ ಕಣ್ಣು ಕಳೆದುಕೊಂಡವರು. ಅವರ ಪೇಟೆಂಟು 1950ರದು. ಕಾರುಗಳಲ್ಲಿ ಬಂದದ್ದು 1958ರ ಕ್ರೈಸ್ಲರ್ ಮಾದರಿಗಳಿಂದ. ಬ್ರೇಕು ಮುಟ್ಟಿದರೆ ಕ್ರೂಸ್ ಬಿಟ್ಟುಕೊಳ್ಳುತ್ತದೆ. ಈ ವಿಷಯದಲ್ಲಿ ಅದು ನಮ್ಮ ಕೈ ಆಕ್ಸಿಲರೇಟರಿಗಿಂತ ವಾಸಿ.

ಹಾಗೆಂದು ಹಿಂದೆ ಟ್ರೈಲರು ಕಟ್ಟಿದಾಗಲೂ ಅದನ್ನೇ ನಂಬಬಹುದೇ? ಬೇಡ. ಏರು ಬಂದಾಗ ವೇಗ ಇಳಿಯಿತೆಂದು ಕ್ರೂಸ್ ಡೀಸೆಲ್ ಸುರಿಯುತ್ತದೆ, ಗೇರು ಕೆಳಗಿಳಿಯುತ್ತದೆ. ವೇಗ ಬಂದೊಡನೆ ಮೇಲೇರುತ್ತದೆ, ಮತ್ತೆ ಇಳಿಯುತ್ತದೆ. ಈ ಏರಿಳಿತದಲ್ಲಿ ಗೇರುಪೆಟ್ಟಿಗೆಯ ಎಣ್ಣೆ ಕಾಯುತ್ತದೆ. ಕಾದ ಎಣ್ಣೆ ಗೇರುಪೆಟ್ಟಿಗೆಯ ಆಯುಷ್ಯವನ್ನು ತಿನ್ನುತ್ತದೆ. ಇಳಿಜಾರಿನಲ್ಲಿ ಅನೇಕ ವಾಹನಗಳ ಕ್ರೂಸ್ ಡೀಸೆಲ್ ನಿಲ್ಲಿಸಬಲ್ಲುದೇ ಹೊರತು ಬ್ರೇಕು ಹಾಕದು. ಮಳೆಯ ರಸ್ತೆಯಲ್ಲಿ ಚಕ್ರ ಜಾರಿದರೆ ನೀವಾದರೆ ಕಾಲು ತೆಗೆಯುತ್ತೀರಿ, ಅದಕ್ಕೆ ಆ ವಿವೇಕವಿಲ್ಲ. ಟ್ರೈಲರು ಎಳೆಯುವಾಗ ಕ್ರೂಸ್ ಬಳಸಬೇಡಿರೆಂದು ಅನೇಕ ವಾಹನಗಳ ಕೈಪಿಡಿಯಲ್ಲೇ ಬರೆದಿರುತ್ತದೆ. ಕೈಪಿಡಿಯನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವ ಬದಲು ಒಮ್ಮೆ ಓದಿಸಿ ಕೇಳಿ.

ಕಾಲು ನೋಯುತ್ತದೆ ಎನ್ನುವವರಿಗೆ

ಮೂವತ್ತು ಕಿಲೋಮೀಟರು ಕಾಲು ಒತ್ತಿ ಕುಳಿತರೆ ಮೊಣಕಾಲು ಹಿಡಿಯುತ್ತದೆ ಎಂದು ಡ್ರೈವರುಗಳು ಹೇಳುತ್ತಾರೆ. ಈ ಮಾತು ಸುಳ್ಳಲ್ಲ. ಕಾರ್ಖಾನೆಯ ಮುಂದೆ ರಾತ್ರಿಯಿಡೀ ಸಾಲಿನಲ್ಲಿ ಕಾದು, ನಿದ್ದೆಗೆಟ್ಟು, ಮರುದಿನ ಮತ್ತೆ ಹೊರೆ ತುಂಬಿ ಹೊರಡುವವರ ಕಷ್ಟ ಅವರಿಗೇ ಗೊತ್ತು. ಸಮತಟ್ಟಾದ ರಸ್ತೆಯಲ್ಲಿ ಒಂದೇ ವೇಗದಲ್ಲಿ ಹೋದರೆ ಡೀಸೆಲ್ ಸ್ವಲ್ಪ ಉಳಿಯುವುದೂ ನಿಜವೇ. ಆದರೆ ನಮ್ಮ ರಸ್ತೆಗಳಲ್ಲಿ ಹತ್ತು ನಿಮಿಷ ಅಡ್ಡಿಯಿಲ್ಲದೆ ಹೋಗುವ ಜಾಗ ಎಲ್ಲಿದೆ? ಕೆರೆ ಏರಿ, ಕಾಲುವೆ ಸೇತುವೆ, ಉಬ್ಬು, ಸಂತೆ, ಕುರಿಮಂದೆ ಎಲ್ಲವೂ ಅಲ್ಲೇ. ಕಾಲು ನೋವಿಗೆ ಮದ್ದು ವಿಶ್ರಾಂತಿ. ವಾಹನವನ್ನು ಗವರ್ನರಿಗೆ ಒಪ್ಪಿಸುವುದಲ್ಲ.

ಇಲ್ಲಿ ಡ್ರೈವರೊಬ್ಬನನ್ನೇ ದೂರಿ ಫಲವಿಲ್ಲ. ಟ್ರಿಪ್ಪಿಗೆ ಇಷ್ಟೆಂದು ಕೂಲಿ ಕೊಟ್ಟು, ದಿನಕ್ಕೆ ಇನ್ನೊಂದು ಟ್ರಿಪ್ಪು ಹೊಡೆಯೆಂದು ಒತ್ತಾಯಿಸುವ ಮಾಲೀಕರೂ ಹೊಣೆಗಾರರೇ. ಬ್ರೇಕಿಲ್ಲದ ಟ್ರೈಲರಿಗೆ ಪ್ರತಿ ವರ್ಷ ಬಣ್ಣ ಬಳಿಸುವ ಬದಲು ಬ್ರೇಕು ಹಾಕಿಸಿದರೆ ಹಣ ಸಾರ್ಥಕ. ಕಬ್ಬು ತರಿಸಿಕೊಳ್ಳುವ ಕಾರ್ಖಾನೆಗಳು ಹಂಗಾಮು ಆರಂಭವಾಗುವ ಮೊದಲು ಟ್ರೈಲರುಗಳ ಬ್ರೇಕು, ಕೊಂಡಿ, ಹಿಂದಿನ ಕೆಂಪು ದೀಪ ಪರೀಕ್ಷಿಸಿ, ಸರಿಯಿದ್ದವಕ್ಕೆ ಮಾತ್ರ ಗೇಟಿನೊಳಗೆ ಪ್ರವೇಶ ಕೊಡಬೇಕು. ಡ್ರೈವರುಗಳಿಗೆ ಮಲಗಲು ಒಂದು ಚಪ್ಪರ, ಕುಡಿಯಲು ನೀರು ಒದಗಿಸುವುದು ದೊಡ್ಡ ಖರ್ಚೇನಲ್ಲ.

ನೀವು ಮಾಡಬೇಕಾದದ್ದು

ಹೊಲದಿಂದ ರಸ್ತೆಗೆ ಏರುವ ಮುಂಚೆ ಕೈ ಆಕ್ಸಿಲರೇಟರನ್ನು ಪೂರ್ತಿ ಇಳಿಸಿ. ಎರಡು ಬ್ರೇಕು ಪೆಡಲುಗಳನ್ನೂ ಕೊಂಡಿಯಿಂದ ಒಂದುಗೂಡಿಸಿ. ಒಂದೇ ಪೆಡಲು ಒತ್ತಿದರೆ ರಸ್ತೆಯಲ್ಲಿ ಟ್ರಾಕ್ಟರು ಗಿರಕ್ಕನೆ ತಿರುಗೀತು. ಡಿಫರೆನ್ಷಿಯಲ್ ಲಾಕು ಬಿಟ್ಟಿದೆಯೇ ನೋಡಿ. ಇಳಿಜಾರು ಆರಂಭವಾಗುವ ಮೊದಲೇ ಸಣ್ಣ ಗೇರಿಗೆ ಹಾಕಿ. ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ. ಆಟೋಮ್ಯಾಟಿಕ್ ವಾಹನವಾದರೆ ಕ್ರೂಸ್ ತೆಗೆದು, ಕೈಯಿಂದಲೇ ಕೆಳಗಿನ ಗೇರು ಆರಿಸಿಕೊಳ್ಳಿ. ಇಳಿಯುವಾಗ ಕ್ಲಚ್ಚಿನ ಮೇಲೆ ಕಾಲಿಡಬೇಡಿ. ಟ್ರೈಲರಿನ ಮೇಲೆ ಜನರನ್ನು, ಅದರಲ್ಲೂ ಮಕ್ಕಳನ್ನು, ಕೂರಿಸಿಕೊಂಡು ಹೋಗಬೇಡಿ.

ರೈತ ಬಾಂಧವರೇ, ಟ್ರಾಕ್ಟರಿನ ಸಾಲದ ಕಂತನ್ನು ಹೇಗಾದರೂ ತೀರಿಸಬಹುದು. ಕಾರ್ಖಾನೆಗೆ ಅರ್ಧ ಗಂಟೆ ತಡವಾಗಿ ಹೋದರೆ ಕಬ್ಬಿನ ತೂಕ ಕಡಿಮೆಯಾಗುವುದಿಲ್ಲ. ಆದರೆ ದುಡಿಯುವ ಮಗನೊಬ್ಬ ಮನೆಗೆ ಹಿಂತಿರುಗದಿದ್ದರೆ ಆ ನಷ್ಟವನ್ನು ಯಾವ ವಿಮೆಯೂ ತುಂಬಿಕೊಡಲಾರದು. ಈ ಹಂಗಾಮಿನಿಂದಲೇ ಕೈ ಆಕ್ಸಿಲರೇಟರನ್ನು ಹೊಲದ ಕೆಲಸಕ್ಕೆ ಮಾತ್ರ ಮೀಸಲಿಡಿ. ರಸ್ತೆಯಲ್ಲಿ ವೇಗ ನಿಮ್ಮ ಕಾಲಿನ ಅಂಕೆಯಲ್ಲಿರಲಿ.