ಪಾತ್ರೆಯೂ ಪದಾರ್ಥವೂ

ನಮ್ಮ ಅಕ್ಕನವರು ತೀರಿಕೊಂಡು ಬರುವ ತಿಂಗಳಿಗೆ ಒಂದು ವರ್ಷವಾಗುವುದು. ಅವರ ಕಡೆಯ ಗೌರಿಹಬ್ಬದಂದು, ತೊಡೆಯ ಮೇಲೆ ತಾಳ ಹಾಕುತ್ತ ಹಾಡಿದುದನ್ನು ಮೂವರು ಚಿತ್ರಿಸಿಕೊಂಡಿದ್ದರು: ಅವರ ಸೊಸೆ ಐಫೋನಿನಲ್ಲಿ, ಮೊಮ್ಮಗ ಆಂಡ್ರಾಯ್ಡ್ ಫೋನಿನಲ್ಲಿ, ನಮ್ಮ ಅಳಿಯಂದಿರು ಹಳೆಯ ಕ್ಯಾಮ್‌ಕಾರ್ಡರಿನಲ್ಲಿ. ಇವನ್ನು ಜೋಡಿಸಿ ವರ್ಷಾಬ್ದಿಕದ ದಿನ ಬಂಧುಗಳಿಗೆ ತೋರಿಸಬೇಕೆಂದು ಕುಳಿತೆವು. ಒಂದರಲ್ಲಿ ಧ್ವನಿಯುಂಟು, ಚಿತ್ರವಿಲ್ಲ. ಮತ್ತೊಂದರಲ್ಲಿ ತುಟಿ ಮುಂದೆ, ಹಾಡು ಹಿಂದೆ. ಮೂರನೆಯದನ್ನು ಸಂಕಲನದ ತಂತ್ರಾಂಶವು ಒಳಕ್ಕೇ ಬಿಟ್ಟುಕೊಳ್ಳಲಿಲ್ಲ.

ಕಡತದ ಹೆಸರಿನ ಬಾಲವನ್ನು ತಿದ್ದಿದರೆ ಸರಿಹೋದೀತೆಂದು ಎಂಟಿಎಸ್ ಎಂಬುದನ್ನಳಿಸಿ ಎಂಪಿ4 ಎಂದು ಬರೆದೆವು. ಚೀಟಿ ಬದಲಾಯಿಸಿದರೆ ಡಬ್ಬಿಯೊಳಗಿನ ತೊಗರಿಬೇಳೆಯು ಕಡಲೆಬೇಳೆಯಾದೀತೆ?

ತುಪ್ಪಕ್ಕೆ ಪಾತ್ರೆ ಆಧಾರವೋ, ಪಾತ್ರೆಗೆ ತುಪ್ಪ ಆಧಾರವೋ ಎಂದು ಪರೀಕ್ಷಿಸಹೋಗಿ ಪಾತ್ರೆಯನ್ನು ಬೋರಲು ಹಾಕಿದ ತಾರ್ಕಿಕನನ್ನು ವಾಚಕಮಹಾಶಯರು ಬಲ್ಲರು. ಇಲ್ಲಿಯೂ ಆಧಾರ ಬೇರೆ, ಆಧೇಯ ಬೇರೆ. ಎಂಪಿ4, ಎಂಒವಿ, ಎಂಟಿಎಸ್ ಎಂಬುವು ಪಾತ್ರೆಗಳು. ಒಳಗಿನ ಚಿತ್ರವನ್ನು ಸಂಕ್ಷೇಪಿಸಿಡುವ ವಿಧಾನಕ್ಕೆ ಕೋಡೆಕ್ ಎಂದು ಹೆಸರು. 2003ರಲ್ಲಿ ಬಂದ ಎಚ್.264 ಎಂಬುದನ್ನು ಬಹುಮಟ್ಟಿಗೆ ಎಲ್ಲ ಯಂತ್ರಗಳೂ ಓದಬಲ್ಲವು. 2013ರ ಎಚ್‌ಇವಿಸಿಯು ಇನ್ನೂ ಬಿಗಿಯಾಗಿ ಅಡಗಿಸುವುದು. ಅದನ್ನು ಬಿಚ್ಚಲರಿಯದ ಗಣಕದಲ್ಲಿ ಚಿತ್ರವು ಬರಿಯ ಕಪ್ಪಾಗುವುದು. ಸೊಸೆಯ ಫೋನಿನಲ್ಲಿದ್ದುದು ಇದೇ. (ಐಫೋನುಳ್ಳವರು ಸೆಟ್ಟಿಂಗ್ಸ್‌ನ ಕ್ಯಾಮೆರಾ ವಿಭಾಗದಲ್ಲಿ, ಫಾರ್ಮ್ಯಾಟ್ಸ್ ಎಂಬಲ್ಲಿ, ‘ಮೋಸ್ಟ್ ಕಂಪ್ಯಾಟಿಬಲ್’ ಎಂಬುದನ್ನು ಮೊದಲೇ ಆರಿಸಿಕೊಳ್ಳಬಹುದು.) ಮೊಮ್ಮಗನ ಫೋನಿನ ದೋಷವು ಲಯದ್ದು. ಬೆಳಕು ಕಡಿಮೆಯಾದಾಗ ಫೋನು ಸೆಕೆಂಡಿಗೆ 30 ಚೌಕಟ್ಟುಗಳನ್ನು ತೆಗೆಯದೆ ನಿಧಾನಿಸುವುದುಂಟು. ಸಮಗತಿಯೆಂದು ನಂಬಿದ ತಂತ್ರಾಂಶವು ತಾಳತಪ್ಪುವುದು.

ಕ್ಯಾಮ್‌ಕಾರ್ಡರಿನದು ಸುಲಭವಾಗಿದ್ದಿತು. ಒಳಗೆ ಎಚ್.264 ಇದ್ದುದರಿಂದ ಎಫ್‌ಎಫ್‌ಎಂಪೆಗ್ ಎಂಬ ಉಚಿತ ಸಾಧನದಿಂದ ಚಿತ್ರವನ್ನು ಮುಟ್ಟದೆಯೇ ಪಾತ್ರೆಯನ್ನು ಮಾತ್ರ ಬದಲಾಯಿಸಿದೆವು. ಕ್ಷಣಗಳ ಕೆಲಸ, ನಷ್ಟವೇನೂ ಇಲ್ಲ. ಉಳಿದೆರಡನ್ನು ಹ್ಯಾಂಡ್‌ಬ್ರೇಕ್ ಎಂಬುದರಿಂದ, ಸ್ಥಿರವಾದ ಗತಿಯನ್ನು ವಿಧಿಸಿ, ಎಚ್.264ಕ್ಕೆ ಪರಿವರ್ತಿಸಬೇಕಾಯಿತು. ಹೀಗೆ ಮರಳಿ ಸಂಕ್ಷೇಪಿಸಿದಾಗಲೆಲ್ಲ ಚಿತ್ರವು ಸ್ವಲ್ಪ ಸವೆಯುವುದು. ಆದುದರಿಂದ ಮೂಲಗಳನ್ನು ಬೇರೆಡೆ ಭದ್ರಪಡಿಸಿ, ಪ್ರತಿಗಳ ಮೇಲೆಯೇ ಕೈಯಾಡಿಸತಕ್ಕದ್ದು.

ಕಡೆಯ ಚರಣವನ್ನು ಹಿಡಿದವನು ಮೊಮ್ಮಗನೊಬ್ಬನೇ. ಆ ತುಣುಕಿನ ಮೂಲವನ್ನು ಅವನು ಜಾಗ ಸಾಲದೆಂದು ಅಳಿಸಿಬಿಟ್ಟಿದ್ದನು. ಸಂದೇಶವಾಗಿ ನಮಗೆ ಕಳುಹಿಸಿದ್ದ, ದಾರಿಯಲ್ಲಿ ಕುಗ್ಗಿದ ಪ್ರತಿಯೊಂದೇ ಉಳಿದಿದ್ದಿತು. ಅದನ್ನು ಯಾವ ಪಾತ್ರೆಗೆ ಸುರಿದರೂ ಅಕ್ಕನವರ ಮುಖವು ಸ್ಪಷ್ಟವಾಗಲಿಲ್ಲ. ಹುಡುಗನು ಬಹಳ ನೊಂದುಕೊಂಡನು. ಧ್ವನಿಯು ಚೆನ್ನಾಗಿಯೇ ಇದ್ದಿತು, ಹಾಗೆಯೇ ಸೇರಿಸಿದ್ದೇವೆ.