ಮನೆ–ಹಿತ್ತಿಲು: ಕಸಕ್ಕೆ ತಕ್ಕ ಗಾಡಿ

ಒಂದು ಕಾಲಕ್ಕೆ ಟಿಟ್ವಾಳಾ ಎಂದರೆ ನಮ್ಮವರಿಗೆ ಮಹಾಗಣಪತಿಯ ದರ್ಶನ ಮಾಡಿ ಸಂಜೆಯ ಲೋಕಲ್ಲಿನಲ್ಲಿ ಹಿಂದಿರುಗುವ ಊರು. ಈಗ ಇಲ್ಲಿಯೇ ಮನೆ ಮಾಡಿ ಎರಡು ತೆಂಗು, ಒಂದು ಮಾವು, ನಾಲ್ಕು ದಾಸವಾಳ ಬೆಳೆಸಿಕೊಂಡವರೂ ಇದ್ದಾರೆ. ಹಿತ್ತಿಲಿದ್ದಲ್ಲಿ ಕಸ ಉಂಟು. ಅದನ್ನು ಹೊರಲು ಬೆನ್ನೂ ಬೇಕು. ಆ ಬೆನ್ನು ಬಹುಮಟ್ಟಿಗೆ ನಿವೃತ್ತರಾದ ಯಜಮಾನರದು, ಇಲ್ಲವೇ ಮನೆಯಾಕೆಯದು. ಆದ್ದರಿಂದ ಈ ಸಲ ಗಾಡಿಯ ವಿಚಾರ.

ಕಸವನ್ನು ಮೂಲೆಯಲ್ಲಿ ಗುಡ್ಡೆ ಹಾಕಿ ಬೆಂಕಿ ಕೊಡುವುದು ಹಳೆಯ ರೂಢಿ. ಅದು ಈಗ ಸಲ್ಲದು. 2016ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು ಬಯಲಿನಲ್ಲಿ ಕಸ ಸುಡುವುದನ್ನು ನಿಷೇಧಿಸಿ, ಸುಟ್ಟವರಿಗೆ 5,000 ರೂಪಾಯಿ ದಂಡವನ್ನು ಗೊತ್ತುಮಾಡಿತು. ಗಟಾರಕ್ಕೆ ತಳ್ಳಿದರೆ ಮೊದಲ ಮಳೆಗೇ ನೀರು ಕಟ್ಟಿ ಅಂಗಳಕ್ಕೆ ಬರುತ್ತದೆ. ಗೊಬ್ಬರದ ಗುಂಡಿಗೋ ಪಾಲಿಕೆಯ ಗಾಡಿ ಬರುವಲ್ಲಿಗೋ ಸಾಗಿಸುವುದೇ ಸರಿಯಾದ ದಾರಿ.

ಒಣಗಿದ ತರಗೆಲೆಗೆ ನಮ್ಮ ಹೆಡಿಗೆಯೋ ಇಲ್ಲಿಯವರ ಘಮೇಲವೋ ಸಾಕು. ಆದರೆ ನೆನೆದ ಎಲೆ, ಬೇರಿಗಂಟಿದ ಮಣ್ಣು, ಒಡೆದ ಹೆಂಚು, ಇವುಗಳ ಭಾರವೇ ಬೇರೆ. ಅವುಗಳಿಗೆ ಗಾಡಿ ಬೇಕು. ಕೊಳ್ಳುವ ಮುನ್ನ ದಾರಿ, ಹೊರೆ, ತಳ್ಳುವವರು ಎಂಬ ಮೂರನ್ನು ನೋಡಿರಿ.

ಮೊದಲು ದಾರಿ. ಹಾಸಿಗೆಯಿದ್ದಷ್ಟು ಕಾಲು ಚಾಚು ಎಂಬಂತೆ ಗೇಟಿದ್ದಷ್ಟು ಗಾಡಿ. ಗೇಟಿನ ಅಗಲವನ್ನು ಅಳೆದುಕೊಂಡೇ ಅಂಗಡಿಗೆ ಹೋಗಿರಿ. ಪಾತಿಗಳ ನಡುವೆ ಇಕ್ಕಟ್ಟಾದ ಹಾದಿಯಿದ್ದರೆ, ಕಟ್ಟಡದ ಕೆಲಸದವರು ಬಳಸುವ ಒಂಟಿ ಗಾಲಿಯ ಕೈಗಾಡಿ ಲೇಸು.

ಎರಡನೆಯದು ಹೊರೆ. ಕಲ್ಲು ಹೆಂಚುಗಳಿಗೆ ತಗಡಿನ ತೊಟ್ಟಿ ಬೇಕು. ಆದರೆ ಕೊಂಕಣದ ಮಳೆಗೆ ಅದು ತುಕ್ಕು ಹಿಡಿಯುತ್ತದೆ. ಬರೀ ಎಲೆ ಹುಲ್ಲಿಗೆ ಪ್ಲಾಸ್ಟಿಕ್ಕಿನದು ಹಗುರ. ತೆಂಗಿನ ಮಡಲನ್ನು ಕತ್ತಿಯಿಂದ ಮೂರು ನಾಲ್ಕು ತುಂಡು ಮಾಡಿ ಹಾಕಿರಿ. ಅದಕ್ಕಾಗಿ ದೊಡ್ಡ ಗಾಡಿ ಬೇಡ. ಗಾಳಿ ತುಂಬುವ ಟಯರು ಕೆಸರು, ಉಬ್ಬುತಗ್ಗುಗಳಲ್ಲಿ ಸಲೀಸು; ಮುಳ್ಳಿನ ಕಾಟವಿದ್ದಲ್ಲಿ ಗಟ್ಟಿ ರಬ್ಬರಿನ ಗಾಲಿಯೇ ನಿಶ್ಚಿಂತೆ.

ಮೂರನೆಯದು ತಳ್ಳುವವರು. ಇದೇ ಮುಖ್ಯ. ಒಂಟಿ ಗಾಲಿಯ ಗಾಡಿ ಪಕ್ಕಕ್ಕೆ ವಾಲದಂತೆ ತೋಳುಗಳೇ ಹಿಡಿದು ನಿಲ್ಲಿಸಬೇಕು. ವಯಸ್ಸಾದವರಿಗೆ, ಸೊಂಟನೋವಿನವರಿಗೆ ಎರಡು ಗಾಲಿಯದೇ ಸರಿ; ಅದು ತಾನೇ ನೆಟ್ಟಗೆ ನಿಲ್ಲುತ್ತದೆ. ಒಂಟಿ ಗಾಲಿಯದನ್ನೇ ಕೊಂಡರೆ ಭಾರವನ್ನು ಗಾಲಿಯ ಕಡೆಗೆ ಹೇರಿರಿ. ಕೈಗೆ ಬೀಳುವ ಹೊರೆ ಕಡಿಮೆಯಾಗುತ್ತದೆ. ಎತ್ತುವಾಗ ಬೆನ್ನು ಬಾಗಿಸದೆ ಮೊಣಕಾಲು ಮಡಿಸಿರಿ. ಅಂಗಡಿಯಲ್ಲಿ ಖಾಲಿ ಗಾಡಿ ತಳ್ಳಿ ನೋಡಿದರೆ ಸಾಲದು; ಏನಾದರೊಂದು ಭಾರವಿರಿಸಿ, ಮನೆಯಲ್ಲಿ ಅದನ್ನು ತಳ್ಳುವವರ ಕೈಯಿಂದಲೇ ತಳ್ಳಿಸಿ ನೋಡಿರಿ.

ಕೆಲಸ ಮುಗಿದ ಮೇಲೆ ತೊಳೆದು ಕವುಚಿ ಇಡಿರಿ. ನೀರು ನಿಂತ ತೊಟ್ಟಿ ಸೊಳ್ಳೆಗಳ ತವರು.

ವರ್ಷದಲ್ಲಿ ಕೆಲವೇ ದಿನ ದುಡಿಯುವ ಗಾಡಿಯನ್ನು ಮನೆಗೊಂದರಂತೆ ಕೊಳ್ಳಬೇಕಿಲ್ಲ. ಅಕ್ಕಪಕ್ಕದ ನಾಲ್ಕು ಮನೆಯವರು, ಕನ್ನಡಿಗರಿರಲಿ ಮರಾಠಿಗರಿರಲಿ, ಕೂಡಿ ಒಂದನ್ನು ಕೊಂಡರೆ ಹಣವೂ ಉಳಿಯುತ್ತದೆ, ಮಳೆಗಾಲಕ್ಕೆ ಮುಂಚೆ ಇಡೀ ಓಣಿಯ ಗಟಾರವೂ ಚೊಕ್ಕವಾಗುತ್ತದೆ.