ಶಾಲೆ ಕಲಿಸದ ಲೆಕ್ಕ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗ ಯಾದಗಿರಿ ಜಿಲ್ಲೆ ಸುದ್ದಿಯಾಗುತ್ತದೆ. 2024ರಲ್ಲಿ ಉಡುಪಿ ಶೇ. 94ರೊಂದಿಗೆ ಮೊದಲು, ಯಾದಗಿರಿ ಶೇ. 50.59ರೊಂದಿಗೆ ಕೊನೆ. ಆಗ ಎರಡು ದಿನ ಮರುಕ, ಒಂದು ಸಭೆ, ಒಂದಿಷ್ಟು ವಿಶೇಷ ತರಗತಿ. ಎಷ್ಟು ಮಂದಿ ಪಾಸಾದರು ಎಂದು ಎಲ್ಲರೂ ಕೇಳುತ್ತಾರೆ. ಪಾಸಾದವರಾಗಲಿ, ನಪಾಸಾದವರಾಗಲಿ, ಹತ್ತು ವರ್ಷ ಬೆಂಚಿನ ಮೇಲೆ ಕುಳಿತು ಬದುಕಿಗೆ ಏನನ್ನು ಕೊಂಡೊಯ್ದರು ಎಂದು ಕೇಳುವವರಿಲ್ಲ.

ಇಲ್ಲಿಯ ಬದುಕು ಹೇಗಿದೆ ನೋಡಿ. ನಾರಾಯಣಪುರ ಜಲಾಶಯದ ಕಾಲುವೆ ಮುಟ್ಟಿದಲ್ಲಿ ಭತ್ತ, ಹತ್ತಿ, ಮೆಣಸಿನಕಾಯಿ. ಮುಟ್ಟದಲ್ಲಿ ಮಳೆ ನಂಬಿದ ತೊಗರಿ. ಬೀಜ, ಗೊಬ್ಬರ, ಔಷಧಿ ಎಲ್ಲ ಉದ್ರಿ. ಬೆಳೆ ಕೈಕೊಟ್ಟರೆ ಇಡೀ ಕುಟುಂಬ ಬೆಂಗಳೂರು, ಪುಣೆ, ಮುಂಬಯಿಯ ಕಟ್ಟಡಗಳಿಗೆ ದುಡಿಯಲು ಹೊರಡುತ್ತದೆ. ಈ ದಾರಿಯ ಪ್ರತಿ ತಿರುವಿನಲ್ಲೂ ಒಂದು ಸಾಲ, ಒಂದು ಮುಂಗಡ, ಒಂದು ಕಾಗದ. ಶಾಲೆ ನಮ್ಮ ಮಕ್ಕಳಿಗೆ ಹೆಬ್ಬೆಟ್ಟು ಬಿಡಿಸಿ ಸಹಿ ಕಲಿಸಿತು. ಸಹಿ ಹಾಕುವ ಕಾಗದವನ್ನು ಓದಿ ತಿಳಿಯುವುದನ್ನು ಮಾತ್ರ ಕಲಿಸಲಿಲ್ಲ.

ಗಣಿತದ ಪುಸ್ತಕದಲ್ಲಿ ಬಡ್ಡಿ ಲೆಕ್ಕ ಇದೆಯಲ್ಲ ಎನ್ನಬಹುದು. ಇದೆ. ಆದರೆ ಅಲ್ಲಿ ಬಡ್ಡಿ ವರ್ಷಕ್ಕೆ, ಊರಿನಲ್ಲಿ ತಿಂಗಳಿಗೆ. 'ನೂರಕ್ಕೆ ಮೂರು' ಎಂದರೆ ವರ್ಷಕ್ಕೆ ಮೂವತ್ತಾರು ಎಂದು ಬಿಡಿಸಿ ಹೇಳುವ ಪಾಠ ಎಲ್ಲಿದೆ? ಇನ್ನೊಂದು ಲೆಕ್ಕ ನೋಡಿ. ಐವತ್ತು ಸಾವಿರ ರೂಪಾಯಿ ಸಾಲ, ಎರಡು ವರ್ಷ, ಶೇ. 12ರ 'ಫ್ಲಾಟ್' ಬಡ್ಡಿ. ಬಡ್ಡಿ 12,000, ತಿಂಗಳ ಕಂತು ಸುಮಾರು 2,583. ಅಸಲು ತಿಂಗಳು ತಿಂಗಳು ತೀರುತ್ತಾ ಬಂದರೂ ಬಡ್ಡಿ ಮಾತ್ರ ಪೂರ್ತಿ ಐವತ್ತು ಸಾವಿರದ ಮೇಲೆಯೇ. ಉಳಿದ ಅಸಲಿಗಷ್ಟೇ ಬಡ್ಡಿ ಹಾಕಿ ನೋಡಿದರೆ ಇದು ಶೇ. 21ಕ್ಕೂ ಮೇಲಾಗುತ್ತದೆ. ಈ ಒಂದು ಲೆಕ್ಕ ಬಲ್ಲ ಹುಡುಗಿ ಮನೆಯಲ್ಲಿದ್ದರೆ ಸಂಘದ ಸಾಲಕ್ಕೆ ಸಹಿ ಹಾಕುವ ಮುನ್ನ ತಾಯಿ ಎರಡು ಸಲ ಯೋಚಿಸುತ್ತಾಳೆ.

ಮೈಕ್ರೋಫೈನಾನ್ಸ್ ವಸೂಲಿಯ ಕಿರುಕುಳ ತಡೆಯಲು ರಾಜ್ಯ ಸರಕಾರ 2025ರಲ್ಲಿ ಕಾನೂನು ತಂದಿತು. ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ. ಒಳ್ಳೆಯದೇ. ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿ ಸಾಲದ ಕಾರ್ಡು ಕೊಡಬೇಕೆಂದು ರಿಸರ್ವ್ ಬ್ಯಾಂಕು 2022ರಲ್ಲೇ ಹೇಳಿತ್ತು. ಆದರೆ ಓದಲು ಬಾರದ ಕೈಗೆ ಕನ್ನಡದ ಕಾರ್ಡು ಕೊಟ್ಟು ಪ್ರಯೋಜನವೇನು? ಕಾನೂನು ಬರುವುದು ಬಿದ್ದ ಮೇಲೆ. ಬೀಳದಂತೆ ಎಚ್ಚರಿಸಬೇಕಾದದ್ದು ಶಾಲೆ.

ಮುಸ್ಲಿಮರಾದ ನಾವಂತೂ ಈ ವಿಷಯದಲ್ಲಿ ನೆಪ ಹೇಳುವಂತಿಲ್ಲ. ಪವಿತ್ರ ಕುರ್‌ಆನಿನ ಅತ್ಯಂತ ದೀರ್ಘವಾದ ಸೂಕ್ತ, ಅಲ್ ಬಕರ ಅಧ್ಯಾಯದ 282ನೆಯದು, ಸಾಲದ ವ್ಯವಹಾರವನ್ನು ಬರೆದಿಡುವ ಕುರಿತಾದದ್ದು. ಅವಧಿ ಗೊತ್ತುಪಡಿಸಬೇಕು, ಬರೆಯುವವನು ನ್ಯಾಯದಿಂದ ಬರೆಯಬೇಕು, ಸಾಕ್ಷಿಗಳಿರಬೇಕು, ಮೊತ್ತ ಚಿಕ್ಕದೆಂದು ಬೇಸರಿಸಬಾರದು ಎಂದು ಅದು ವಿವರಿಸುತ್ತದೆ. ಈ ಸೂಕ್ತವನ್ನು ಸೊಗಸಾಗಿ ಓದಲು ಕಲಿಯುವ ಮಗುವಿಗೆ ಒಂದು ಸಾಲಪತ್ರ ಬರೆಯಲು ನಾವೇಕೆ ಕಲಿಸುವುದಿಲ್ಲ? ಬಡ್ಡಿ ಹರಾಮ್ ಎಂದು ಮಿಂಬರಿನಿಂದ ಹೇಳಿದರೆ ಮುಗಿಯಿತೇ?

ನಿಕಾಹ್‌ನಾಮೆಯೂ ಒಂದು ಕರಾರು. ಹಲವೆಡೆ ಅದು ಉರ್ದುವಿನಲ್ಲಿರುತ್ತದೆ. ಕನ್ನಡ ಶಾಲೆಯಲ್ಲಿ ಓದಿದ ಹುಡುಗಿ ಓದಲಾಗದ ಕಾಗದಕ್ಕೆ ಸಹಿ ಹಾಕುತ್ತಾಳೆ. ಮಹ್ರ್ ತನ್ನ ಹಕ್ಕು, ಕೊಡದೆ ಉಳಿಸಿಕೊಂಡರೆ ಅದು ಗಂಡನ ಮೇಲಿನ ಸಾಲ ಎಂಬುದು ಅವಳಿಗೆ ತಿಳಿಯುವುದು ಮನೆ ಮುರಿದ ಮೇಲೆ.

ಮೊದಲು ಓದು-ಬರಹ ಬರಲಿ, ಇದೆಲ್ಲ ಆಮೇಲೆ ಎನ್ನುವವರಿದ್ದಾರೆ. ಆ 'ಆಮೇಲೆ' ಬರುವುದೇ ಇಲ್ಲ. ನಪಾಸಾದವನೂ ಹದಿನೆಂಟು ತುಂಬುತ್ತಲೇ ಕಾಗದಕ್ಕೆ ಸಹಿ ಹಾಕುತ್ತಾನೆ. ತನ್ನ ಮನೆಯ ಪಹಣಿ ಓದುವುದೂ ಓದೇ. ಅಪ್ಪನ ಹತ್ತಿಯ ತೂಕದ ಚೀಟಿ ಕೂಡುವುದೂ ಗಣಿತವೇ. ಇದು ತಂದೆ-ತಾಯಿಯ ಕೆಲಸ ಎನ್ನುವವರು 2011ರ ಜನಗಣತಿ ನೋಡಲಿ. ಜಿಲ್ಲೆಯ ಸಾಕ್ಷರತೆ ಶೇ. 51.83, ರಾಜ್ಯದಲ್ಲೇ ಕನಿಷ್ಠ. ಮಹಿಳೆಯರದು ಶೇ. 41ರ ಆಸುಪಾಸು. ಯಾವ ತಾಯಿ ಕಲಿಸಬೇಕು? ಇನ್ನು ನೀತಿಪಾಠ ಸಾಕು ಎನ್ನುವವರಿಗೆ ಒಂದೇ ಮಾತು: ಮೋಸ ಮಾಡಬೇಡ ಎಂಬುದರ ಜತೆಗೆ ಮೋಸ ಹೋಗಬೇಡ ಎಂಬುದನ್ನೂ ಕಲಿಸಿ.

ಬೇಕಾದದ್ದು ದೊಡ್ಡ ಯೋಜನೆಯಲ್ಲ. ಆರರಿಂದ ಹತ್ತನೇ ತರಗತಿಯವರೆಗೆ ವಾರಕ್ಕೊಂದು ಪೀರಿಯಡ್. ಆರರಿಂದಲೇ ಏಕೆಂದರೆ ಹತ್ತು ಮುಟ್ಟುವ ಮೊದಲೇ ಶಾಲೆ ಬಿಡುವವರು ಬಹಳ. ಹತ್ತಿ ಬಿಡಿಸುವ ಕಾಲಕ್ಕೆ ಬೆಂಚು ಖಾಲಿಯಾಗುವುದರಿಂದ ಮುಖ್ಯ ಪಾಠಗಳು ಜೂನ್‌ನಿಂದ ಸೆಪ್ಟೆಂಬರ್‌ನೊಳಗೆ ಮುಗಿಯಲಿ. ಪಹಣಿ, ಸಾಲದ ಕಾರ್ಡು, ಒಡವೆ ಅಡವಿನ ಚೀಟಿ, ಕರೆಂಟ್ ಬಿಲ್ಲು, ಕೂಲಿ ಲೆಕ್ಕ, ಇವೇ ಪಠ್ಯ. ಹದಿನೆಂಟು ದಾಟಿದವರು ವರ್ಷದಲ್ಲಿ ತೊಂಬತ್ತು ದಿನ ಕಟ್ಟಡ ಕೆಲಸ ಮಾಡಿದ್ದರೆ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬಹುದೆಂಬುದೂ ಒಂದು ಪಾಠವಾಗಲಿ. ಗಣಿತ ಶಿಕ್ಷಕರು ಕಲಿಸಲಿ. ಆಗಾಗ ಬ್ಯಾಂಕಿನವರನ್ನು, ತಾಲ್ಲೂಕು ಕಾನೂನು ಸೇವಾ ಸಮಿತಿಯ ವಕೀಲರನ್ನು ಕರೆಯಲಿ. ಪರೀಕ್ಷೆ ಬೇಡ, ಪ್ರತಿ ಮಗು ತನ್ನ ಮನೆಯ ಒಂದು ಕಾಗದವನ್ನು ಓದಿ ಅಪ್ಪ-ಅವ್ವನಿಗೆ ವಿವರಿಸಿದರೆ ಸಾಕು.

ಬಾಕಿ, ವಸೂಲಿ, ಜಾಮೀನು, ಕರಾರು, ರಸೀದಿ. ಅರಬಿ-ಫಾರಸಿಯಿಂದ ಬಂದು ಕನ್ನಡವೇ ಆಗಿಹೋದ ಈ ಮಾತುಗಳು ನಮ್ಮ ಸೀಮೆಯ ಹಿಂದೂ-ಮುಸ್ಲಿಮರಿಬ್ಬರ ಬಾಯಲ್ಲೂ ಇವೆ, ಸಾಲವೂ ಇಬ್ಬರ ತಲೆಯ ಮೇಲಿದೆ. 371(ಜೆ) ಬಂದು ದಶಕ ಕಳೆಯಿತು. ಕೋಣೆಗಳನ್ನು ಕಟ್ಟಲು ಹಣವಿದೆ. ಆ ಕೋಣೆಗಳಲ್ಲಿ ವಾರಕ್ಕೆ ನಲವತ್ತು ನಿಮಿಷ ಬಿಡಲು ಸರಕಾರಕ್ಕೆ ಮನಸ್ಸಿಲ್ಲದಿದ್ದರೆ ಮಸೀದಿಯ ಕಮಿಟಿಗಳು, ಮದ್ರಸಗಳು ಮೊದಲು ಶುರು ಮಾಡಲಿ. ಮದುವೆ ಹಾಲ್‌ಗೆ ಚಂದಾ ಎತ್ತಬಲ್ಲ ಸಮುದಾಯಕ್ಕೆ ಒಂದು ಕರಿಹಲಗೆ ಭಾರವಾಗಲಾರದು.